ಸ್ನಾಯು ಕಾಯಿಲೆ ಇದ್ದವರು ಶಕ್ತಿ ಗುಳಿಗೆ ಕೊಳ್ಳುವ ಮುಂಚೆ

ರಿಪೋರ್ಟಿನಲ್ಲಿ ‘ಮೆಟಬಾಲಿಕ್ ಮಯೋಪತಿ’, ಅಂದರೆ ಸ್ನಾಯುವಿಗೆ ತನ್ನ ಇಂಧನವನ್ನು ಸರಿಯಾಗಿ ಬಳಸಲು ಬರದ ಕಾಯಿಲೆ, ಅಂತ ಬಂದ ಮೇಲೆ ಮನೆಯವರು ಮೊದಲು ಬರುವುದು ಮೆಡಿಕಲ್ ಶಾಪಿಗೆ. "ಅಕ್ಕಾರ, ನರಕ್ಕ ಶಕ್ತಿ ಬರೋದು ಏನರ ಕೊಡ್ರಿ." ನನ್ನ ಅಂಗಡಿ ಗಂಗಾವತಿಯಲ್ಲಿದೆ. ಡಿ.ಫಾರ್ಮಾ ಓದಿದ್ದೇನೆ, ಡಾಕ್ಟರ್ ಅಲ್ಲ. ಆದರೆ ನನ್ನ ತಮ್ಮನಿಗೇ ಈ ಗುಂಪಿನ ಮ್ಯಾಕ್‌ಆರ್ಡಲ್ ಕಾಯಿಲೆ ಇದೆ. ಹೀಗಾಗಿ ಮಾರುವವರ ಮಾತೂ ಗೊತ್ತು, ನುಂಗುವವರ ಪಾಡೂ ಗೊತ್ತು. ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ದುಡ್ಡು ಹಾಕಬಾರದು ಅನ್ನುವುದನ್ನು ಕೌಂಟರಿನಲ್ಲಿ ನಿಂತು ಹೇಳುವ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಪೂರ್ತಿ ಹೆಸರು

‘ಮಸಲ್ ವೀಕ್ನೆಸ್’ ಅನ್ನುವುದು ಹೆಸರಲ್ಲ. ಮೆಟಬಾಲಿಕ್ ಮಯೋಪತಿ ಅನ್ನುವುದೂ ಒಂದು ಗುಂಪಿನ ಹೆಸರು ಅಷ್ಟೇ. ಆ ಗುಂಪಿನಲ್ಲಿ ನಿಮ್ಮದು ಯಾವುದು ಅಂತ ಗೊತ್ತಾಗುವ ತನಕ ದುಬಾರಿ ಡಬ್ಬಿ ಮುಟ್ಟಬೇಡಿ.

ಸ್ನಾಯು ಮುಖ್ಯವಾಗಿ ಎರಡು ಇಂಧನ ಬಳಸುತ್ತದೆ, ಸಕ್ಕರೆ ಮತ್ತು ಕೊಬ್ಬು. ಮ್ಯಾಕ್‌ಆರ್ಡಲ್‌ನಲ್ಲಿ ಕೆಟ್ಟಿರುವುದು ಸಕ್ಕರೆಯ ದಾರಿ. ಸ್ನಾಯುವಿನೊಳಗೆ ಗ್ಲೈಕೋಜೆನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ, ಅದನ್ನು ಒಡೆಯುವ ಎಂಜೈಮ್ ಹುಟ್ಟಿನಿಂದಲೇ ಇರುವುದಿಲ್ಲ. 1951ರಲ್ಲಿ ಬ್ರಿಟನ್ನಿನ ಡಾಕ್ಟರ್ ಬ್ರಯಾನ್ ಮ್ಯಾಕ್‌ಆರ್ಡಲ್ ಇದನ್ನು ಮೊದಲು ವಿವರಿಸಿದರು. ಸಿಪಿಟಿ-2 ಅನ್ನುವ ಇನ್ನೊಂದು ಎಂಜೈಮಿನ ಕೊರತೆ ಇದ್ದವರಲ್ಲಿ ಕೆಟ್ಟಿರುವುದು ಕೊಬ್ಬಿನ ದಾರಿ. ಕಾರ್ನಿಟಿನ್ ಅಂದರೆ ಕೊಬ್ಬನ್ನು ಉರಿಯುವ ಜಾಗಕ್ಕೆ ಸಾಗಿಸುವ ವಸ್ತು; ಅದರ ಕೊರತೆಯಲ್ಲೂ ಕೊಬ್ಬೇ ಒಳಗೆ ಹೋಗುವುದಿಲ್ಲ, ಕಾರಣ ಮಾತ್ರ ಬೇರೆ. ಮೈಟೊಕಾಂಡ್ರಿಯಾದ ಕಾಯಿಲೆಯಲ್ಲಿ ಎರಡೂ ಇಂಧನ ಉರಿಯುವ ಜಾಗದಲ್ಲೇ ತೊಂದರೆ. ಗ್ಯಾಸ್ ಒಲೆ ಕೆಟ್ಟ ಮನೆಗೆ ಇನ್ನೊಂದು ಸಿಲಿಂಡರ್ ತಂದಿಟ್ಟರೆ ಏನು ಬಂತು?

ನೋವು ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿ ಡಾಕ್ಟರ್‌ಗೆ ಹೇಳಿ. ಅದರಲ್ಲೇ ಅರ್ಧ ಉತ್ತರ ಇರುತ್ತದೆ. ಬಿಂದಿಗೆ ಎತ್ತಿದ ಕೂಡಲೇ, ಮೆಟ್ಟಿಲು ಹತ್ತಿದ ಒಂದೆರಡು ನಿಮಿಷಕ್ಕೇ ಸ್ನಾಯು ಹಿಡಿದುಕೊಂಡರೆ ಸಕ್ಕರೆ ದಾರಿಯ ಮೇಲೆ ಅನುಮಾನ. ಶುರುವಿನಲ್ಲಿ ಆರಾಮಾಗಿದ್ದು, ದಿನವಿಡೀ ದುಡಿದ ಮೇಲೆ, ಉಪವಾಸ ಮಾಡಿದಾಗ, ಜ್ವರ ಬಂದಾಗ, ಚಳಿಯಲ್ಲಿ ನೋವು ಬಂದರೆ ಕೊಬ್ಬಿನ ದಾರಿಯ ಮೇಲೆ ಅನುಮಾನ.

ನಮ್ಮ ಕಡೆಯವರು ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ, ಅಂದರೆ ಎಲ್ಲರೂ ವಿಮ್ಸ್ ಅನ್ನುವ ಕಡೆ, ಮೊದಲು ತೋರಿಸಬಹುದು. ಅಲ್ಲಿಂದ ಮುಂದೆ ಬೆಂಗಳೂರಿನ ನಿಮ್ಹಾನ್ಸ್. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೀರಿ. ರಾಯಚೂರಿನವರಿಗೆ ಹೈದರಾಬಾದಿನ ನಿಮ್ಸ್ ಹತ್ತಿರ. ಈಗ ಬಹಳ ಸಲ ರಕ್ತದಿಂದಲೇ ಜೀನ್ ಪರೀಕ್ಷೆ ಮಾಡಿ ಹೇಳುತ್ತಾರೆ, ಮಾಂಸದ ತುಣುಕು ತೆಗೆಯುವ ಬಯಾಪ್ಸಿ ಎಲ್ಲರಿಗೂ ಬೇಕಾಗುವುದಿಲ್ಲ.

ಇಲ್ಲಿ ಒಂದು ಮಾತು. ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಎರಡು ಲಿವರ್ ಪರೀಕ್ಷೆಗಳಿವೆಯಲ್ಲ, ಅವು ಲಿವರಿನಿಂದ ಮಾತ್ರ ಬರುವುದಿಲ್ಲ. ಸ್ನಾಯುವಿನಿಂದಲೂ ಬರುತ್ತವೆ. ನನ್ನ ತಮ್ಮನಿಗೆ ಒಂದು ಆಸ್ಪತ್ರೆಯಲ್ಲಿ ‘ಲಿವರ್ ಕೆಟ್ಟಿದೆ, ಎಣ್ಣೆ ಬಿಡಿ’ ಅಂದರು. ಆಮೇಲೆ ಊರವರೆಲ್ಲ ಸೇರಿ ಕಾಮಾಲೆ ಔಷಧಿ ಕುಡಿಸಿದರು. ಅವನು ಸೊರಗಿದ್ದೇ ಬಂತು. ಇವೆರಡು ಏರಿದ್ದು, ಲಿವರಿನ ಇನ್ನೆರಡು ಪರೀಕ್ಷೆಗಳಾದ ಜಿಜಿಟಿ ಮತ್ತು ಬಿಲಿರುಬಿನ್ ಸರಿಯಾಗಿದ್ದರೆ, "ಸರ್, ಸಿಕೆ ಒಮ್ಮೆ ನೋಡಬಹುದಾ?" ಅಂತ ಕೇಳಿ. ಸಿಕೆ ಅಂದರೆ ಸಿಪಿಕೆ, ಸ್ನಾಯು ಹಾನಿಯ ರಕ್ತ ಪರೀಕ್ಷೆ. ಭಾರ ಎತ್ತಿದ ಮರುದಿನ ಕೊಡಬೇಡಿ, ಆರೋಗ್ಯವಂತರಿಗೂ ಏರಿರುತ್ತದೆ.

ಊರವರಿಗೆಲ್ಲ ಇರುವ ಕೊರತೆ ನಿಮಗೂ ಇರಬಹುದು

ಅಪರೂಪದ ಕಾಯಿಲೆ ಬಂತು ಅಂದ ಕೂಡಲೇ ಎಲ್ಲರೂ ಅಪರೂಪದ ಔಷಧಿಯನ್ನೇ ಹುಡುಕುತ್ತಾರೆ. ನನ್ನ ಅನುಭವದಲ್ಲಿ ಮೊದಲು ಫಲ ಕೊಡುವುದು ಸಾದಾ ಕೊರತೆಗಳನ್ನು ತುಂಬುವುದು. ವಿಟಮಿನ್ ಡಿ, ಬಿ12, ಕಬ್ಬಿಣ. ಜೊತೆಗೆ ಥೈರಾಯ್ಡ್.

ವಿಟಮಿನ್ ಡಿ ಕಡಿಮೆಯಾದರೆ ಅದೇ ಒಂದು ಸ್ನಾಯು ಕಾಯಿಲೆ ಇದ್ದ ಹಾಗೆ ಕಾಣುತ್ತದೆ. ತೊಡೆ, ಸೊಂಟದಲ್ಲಿ ಬಲ ಇರುವುದಿಲ್ಲ. ಕೂತವರು ನೆಲಕ್ಕೆ ಕೈ ಊರಿ ಏಳುತ್ತಾರೆ. "ನಮ್ಮ ರಾಯಚೂರು ಬಿಸಿಲಿಗೆ ವಿಟಮಿನ್ ಡಿ ಕಡಿಮೆನಾ?" ಅಂತ ನಗುತ್ತಾರೆ. ಬಿಸಿಲು ಇದ್ದರೇನು, ಅದು ಮೈಮೇಲೆ ಬೀಳಬೇಕಲ್ವಾ? ಬೇಸಿಗೆಯಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂರುತ್ತೇವೆ. ನಡೆದರೆ ನೋವು ಅಂತ ಮನೆ ಬಿಟ್ಟು ಬರದವರಿಗಂತೂ ಕೇಳುವುದೇ ಬೇಡ. ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಅಂತ ಹಿಡಿಯುತ್ತಾರೆ. ಸಾಮಾನ್ಯವಾಗಿ ಬರೆದುಕೊಡುವುದು 60,000 ಯೂನಿಟ್ಟಿನ ಸ್ಯಾಶೆ ಅಥವಾ ಕ್ಯಾಪ್ಸೂಲ್, ವಾರಕ್ಕೆ ಒಂದರಂತೆ 8 ವಾರ. ಊಟದ ಜೊತೆ, ಹಾಲಿನಲ್ಲಿ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ.

ವಾರಕ್ಕೆ ಒಂದು. ದಿನಕ್ಕೆ ಒಂದಲ್ಲ. ನಾನು ಪ್ರತಿ ಸ್ಯಾಶೆಯ ಮೇಲೂ ‘ಸೋಮವಾರ’ ಅಂತ ಪೆನ್ನಿನಲ್ಲಿ ಬರೆದೇ ಕೊಡುತ್ತೇನೆ. ದಿನಾ ತಿಂದು, ಮೇಲೆ ಆರು ಲಕ್ಷ ಯೂನಿಟ್ಟಿನ ಸೂಜಿಯನ್ನೂ ಮಾಡಿಸಿಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ಬಾಯಾರಿಕೆ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಒಯ್ಯುವವರಿದ್ದಾರೆ. ಕೋರ್ಸ್ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಅಂತ ನಾನು ವಾಪಸ್ ಕಳಿಸುತ್ತೇನೆ. ಬೈಸಿಕೊಳ್ಳುತ್ತೇನೆ ಕೂಡ.

ಬಿ12 ನಮ್ಮ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಕಡಿಮೆ ಇರುವುದು ಸಾಮಾನ್ಯ. ರೊಟ್ಟಿ, ಪಲ್ಯ, ಕಾಳಿನಲ್ಲಿ ಅದು ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಇದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ, ಗ್ಯಾಸಿಗೆ ಅಂತ ವರ್ಷಾನುಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಇನ್ನೂ ಇಳಿಯುತ್ತದೆ. ಪಾದ ಜುಮ್ಮೆನ್ನುವುದು, ಕತ್ತಲಲ್ಲಿ ತೂರಾಡುವುದು ಇದ್ದರೆ ಸ್ನಾಯುವಿನ ಜೊತೆ ನರಕ್ಕೂ ತೊಂದರೆ ಅಂತ ಲೆಕ್ಕ. ಸೂಜಿ ಮಾಡಿಸುವ ಮುಂಚೆಯೇ ರಕ್ತ ಕೊಡಿ. ಸೂಜಿ ಆದ ಮೇಲೆ ಬರುವ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಬರೀ ಫೋಲಿಕ್ ಆಸಿಡ್ ತಿಂದರೆ ರಕ್ತಹೀನತೆ ಸರಿಹೋದ ಹಾಗೆ ಕಾಣುತ್ತದೆ, ಒಳಗೆ ನರ ಹಾಳಾಗುವುದು ನಿಲ್ಲುವುದಿಲ್ಲ.

ಕಬ್ಬಿಣದ ವಿಷಯ ಸರಳ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಗುಳಿಗೆ, ಮೇಲೆ ನಿಂಬೆಹಣ್ಣಿನ ನೀರು. ಊಟ ಆದ ಕೂಡಲೇ ಚಹಾ ಕುಡಿಯುವುದನ್ನು ಒಂದು ತಾಸು ಮುಂದಕ್ಕೆ ಹಾಕಿ. ಇದನ್ನು ಹೇಳಿದರೆ ಗಂಡಸರ ಮುಖ ಸಪ್ಪಗಾಗುತ್ತದೆ.

ಥೈರಾಯ್ಡ್ ಕಡಿಮೆ ಇದ್ದರೂ ಸಿಕೆ ಏರುತ್ತದೆ, ಸ್ನಾಯು ನೋಯುತ್ತದೆ. ಆದ್ದರಿಂದ ಥೈರಾಯ್ಡಿನ ರಕ್ತ ಪರೀಕ್ಷೆ ಟಿಎಸ್‌ಎಚ್ ಬಿಡಬೇಡಿ. ಕೂದಲಿಗೆ ಅಂತ ಬಯೋಟಿನ್ ಗುಳಿಗೆ ತಿನ್ನುತ್ತಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ, ಥೈರಾಯ್ಡ್ ಪರೀಕ್ಷೆಯ ಅಂಕಿ ತಪ್ಪಾಗಿ ಬರಬಹುದು. ಎರಡು ಮೂರು ದಿನ ನಿಲ್ಲಿಸಿ ರಕ್ತ ಕೊಡಲು ಹೇಳುತ್ತಾರೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆವರಿ ಅಥವಾ ಬೇಧಿಯಾಗಿ ಪೊಟ್ಯಾಸಿಯಂ ಇಳಿದರೂ ಕೈಕಾಲು ಬಿದ್ದುಹೋದ ಹಾಗೆ ಆಗುತ್ತದೆ. ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ಇನ್ನೊಂದು ನಮ್ಮ ಕಡೆಯದೇ ವಿಷಯ: ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಕಂದಾಗಿ, ಬೆನ್ನು ಕೀಲು ಬಿಗಿಯಾಗಿದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ. ಅದಕ್ಕೆ ಯಾವ ಸ್ನಾಯು ಗುಳಿಗೆಯೂ ಕೆಲಸ ಮಾಡುವುದಿಲ್ಲ, ನೀರು ಬದಲಿಸಬೇಕು.

ಮ್ಯಾಕ್‌ಆರ್ಡಲ್ ಇದ್ದವರಿಗೆ

ಇವರಿಗೆ ಬಿ6 ವಿಶೇಷ. ಮೈಯಲ್ಲಿರುವ ಬಿ6ನ ಬಹುಪಾಲು ಸ್ನಾಯುವಿನಲ್ಲಿ, ಈ ಕಾಯಿಲೆಯಲ್ಲಿ ಇಲ್ಲದಿರುವ ಅದೇ ಎಂಜೈಮಿಗೆ ಅಂಟಿಕೊಂಡು ಇರುತ್ತದೆ. ಎಂಜೈಮ್ ಇಲ್ಲ ಅಂದರೆ ಬಿ6 ಇಡುವ ಉಗ್ರಾಣವೂ ಇಲ್ಲ. ಅದಕ್ಕೆ ಕೆಲವು ಡಾಕ್ಟರ್‌ಗಳು ಸಣ್ಣ ಡೋಸ್ ಬರೆಯುತ್ತಾರೆ. ಇದರಿಂದ ಓಡಾಡುವ ಶಕ್ತಿ ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ಕೊರತೆ ಆಗದಿರಲಿ ಅಂತ ಮಾತ್ರ. ಜಾಸ್ತಿ ತಿಂದರೆ ಬಿ6 ತಾನೇ ನರ ಕೆಡಿಸುತ್ತದೆ, ಕೈಕಾಲು ಮರಗಟ್ಟುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ದೊಡ್ಡವರಿಗೆ ದಿನಕ್ಕೆ 12 ಮಿಲಿಗ್ರಾಂ ಮಿತಿ ಹಾಕಿತು. ನನ್ನ ಶೆಲ್ಫಿನಲ್ಲೇ 100 ಮಿಲಿಗ್ರಾಂ ಬಿ6 ಇರುವ ಗುಳಿಗೆಗಳಿವೆ. ಎರಡು ಮೂರು ಬೇರೆ ಬೇರೆ ‘ನರದ ಗುಳಿಗೆ’ ತಿನ್ನುವವರು ಎಲ್ಲ ಸ್ಟ್ರಿಪ್ ತಿರುಗಿಸಿ ಪೈರಿಡಾಕ್ಸಿನ್, ಅಂದರೆ ಬಿ6, ಅನ್ನುವ ಸಾಲನ್ನು ಕೂಡಿಸಿ ನೋಡಿ.

ಜಿಮ್ಮಿಗೆ ಹೋಗುವವರು ಕುಡಿಯುವ ಕ್ರಿಯಾಟಿನ್ ಪುಡಿಯ ಬಗ್ಗೆ ಹುಡುಗರು ಬಹಳ ಕೇಳುತ್ತಾರೆ. ಜರ್ಮನಿಯಲ್ಲಿ ಮ್ಯಾಕ್‌ಆರ್ಡಲ್ ರೋಗಿಗಳ ಮೇಲೆ ಎರಡು ಅಧ್ಯಯನ ನಡೆದವು. 2000ದಲ್ಲಿ ದಿನಕ್ಕೆ ತೂಕದ ಕಿಲೋಗೆ 60 ಮಿಲಿಗ್ರಾಂ ಕೊಟ್ಟಾಗ ಸ್ವಲ್ಪ ಅನುಕೂಲ ಕಂಡಿತು. 2002ರಲ್ಲಿ 150 ಮಿಲಿಗ್ರಾಂ ಕೊಟ್ಟಾಗ ನೋವು ಜಾಸ್ತಿಯಾಯಿತು. 55 ಕಿಲೋ ಇದ್ದವರಿಗೆ ಲೆಕ್ಕ ಹಾಕಿ: ಮೊದಲನೆಯದು 3.3 ಗ್ರಾಂ, ಎರಡನೆಯದು 8 ಗ್ರಾಂ ಚಿಲ್ಲರೆ. ಜಿಮ್ಮಿನಲ್ಲಿ ‘ಲೋಡಿಂಗ್’ ಅಂತ ದಿನಕ್ಕೆ 20 ಗ್ರಾಂ ಕುಡಿಸುತ್ತಾರೆ. ಹಾಗೆ ಕುಡಿಯಬೇಡಿ. ಕ್ರಿಯಾಟಿನ್ ತೆಗೆದುಕೊಂಡರೆ ಕಿಡ್ನಿ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಏರಿ, ಕಿಡ್ನಿ ಕೆಟ್ಟಿತೇನೋ ಅಂತ ಗಾಬರಿಯಾಗುವುದೂ ಉಂಟು. ಪರೀಕ್ಷೆಗೆ ಹೋದಾಗ ಹೇಳಿಬಿಡಿ.

ದುಡ್ಡು ಕಡಿಮೆ, ಫಲ ಜಾಸ್ತಿ ಇರುವುದು ಸಾದಾ ಸಕ್ಕರೆ. ಕಷ್ಟದ ಕೆಲಸಕ್ಕೆ ಐದು ನಿಮಿಷ ಮುಂಚೆ 37 ಗ್ರಾಂ, ಅಂದರೆ ಸುಮಾರು ಒಂಬತ್ತು ಚಹಾ ಚಮಚ ಸಕ್ಕರೆ ಕುಡಿದರೆ ಶುರುವಿನ ಕಷ್ಟ ತಗ್ಗುತ್ತದೆ ಅಂತ ಪರೀಕ್ಷೆ ಮಾಡಿ ತೋರಿಸಿದ್ದಾರೆ. ದಾಸ್ತಾನು ಒಡೆಯಲು ಬರದಿದ್ದರೂ ರಕ್ತದಲ್ಲಿ ಬರುವ ಸಕ್ಕರೆಯನ್ನು ಈ ಸ್ನಾಯು ಬಳಸಬಲ್ಲದು.

ನನ್ನ ತಮ್ಮ ಅಂಜನಾದ್ರಿ ಹತ್ತುವುದು ಹೀಗೆ. 575 ಮೆಟ್ಟಿಲು. ಕೆಳಗೆ ಅಂಗಡಿ ಸಾಲಿನಲ್ಲೇ ದೊಡ್ಡ ಲೋಟ ನಿಂಬು ಶರಬತ್ತು ಕುಡಿಯುತ್ತಾನೆ, ಅಂಗಡಿಯವನಿಗೆ "ಸಕ್ರಿ ಜೋರ್ ಹಾಕ್ರಿ" ಅಂತ ಹೇಳಿ. ಮೊದಲ ಮೆಟ್ಟಿಲುಗಳಲ್ಲಿ ಅಜ್ಜಂದಿರು ಕೂಡ ಇವನನ್ನು ದಾಟಿ ಹೋಗುತ್ತಾರೆ. ತೊಡೆ ಬಿಗಿಯಲು ಶುರುವಾದ ಕೂಡಲೇ ಕಂಬಿ ಹಿಡಿದು ನಿಲ್ಲುತ್ತಾನೆ. ಹಲ್ಲು ಕಚ್ಚಿ ಮುಂದೆ ಹೋಗುವುದಿಲ್ಲ. ಎಂಟು ಹತ್ತು ನಿಮಿಷ ಕಳೆದ ಮೇಲೆ ಕೊಬ್ಬಿನ ಇಂಧನ ರಕ್ತದಲ್ಲಿ ಬರಲು ಶುರುವಾಗುತ್ತದೆ, ಉಸಿರು ಹಗುರಾಗುತ್ತದೆ. ಡಾಕ್ಟರ್‌ಗಳು ಇದನ್ನು ‘ಸೆಕೆಂಡ್ ವಿಂಡ್’ ಅನ್ನುತ್ತಾರೆ. ಆಮೇಲೆ ನಾವೇ ಅವನ ಹಿಂದೆ ಏದುಸಿರು ಬಿಡಬೇಕು.

ದಿನಾ ಸಕ್ಕರೆ ಕುಡಿಯುವುದಲ್ಲ ಮತ್ತೆ. ಹೊಟ್ಟೆ ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಬೆಟ್ಟ, ಮೂಟೆ, ಮದುವೆ ಮನೆಯ ಓಡಾಟ, ಇಂಥದ್ದಕ್ಕೆ ಮಾತ್ರ. ಮಧುಮೇಹ ಈಗಾಗಲೇ ಇದ್ದರೆ ಡಾಕ್ಟರ್ ಹೇಳದೆ ಮಾಡಬೇಡಿ.

ಕೊಬ್ಬಿನ ದಾರಿ ಕೆಟ್ಟವರಿಗೆ

ಇಲ್ಲಿ ಎಲ್ಲ ಉಲ್ಟಾ. ಇವರಿಗೆ ಹಸಿವೇ ವೈರಿ. ಸಿಪಿಟಿ-2 ಇದ್ದವರು ಶಿವರಾತ್ರಿಗೆ ನಿರಾಹಾರ ಇರುವುದು, ಏಕಾದಶಿ, ರೋಜಾ ಎಲ್ಲ ಅಪಾಯ. ನನಗೆ ಇದನ್ನು ಹಿರಿಯರಿಗೆ ಹೇಳುವುದೇ ದೊಡ್ಡ ಕೆಲಸ. "ಯಮ್ಮಾ, ದೇವರು ಬ್ಯಾಡ ಅನ್ನಂಗಿಲ್ಲ, ಮೈಗೆ ಆರಾಮಿಲ್ಲದವರಿಗೆ ಉಪಾಸ ಇಲ್ಲ" ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ. ಅನ್ನ, ರೊಟ್ಟಿ, ಬೆಲ್ಲದ ಕಡೆ ತೂಕ ಇರುವ, ಎಣ್ಣೆ ಕಡಿಮೆಯ ಊಟ, ಸ್ವಲ್ಪ ಸ್ವಲ್ಪ ಹೊತ್ತಿಗೆ. ಒಗ್ಗರಣೆ ಮಂಡಕ್ಕಿ ನಡೆಯುತ್ತದೆ, ಜೊತೆಗೆ ನಾಲ್ಕು ಮಿರ್ಚಿ ನಡೆಯುವುದಿಲ್ಲ. ಜ್ವರ ಬಂದು ಊಟ ಸೇರದಿದ್ದರೆ ಗಂಜಿಗೆ ಬೆಲ್ಲ ಹಾಕಿ ಕುಡಿಸಿ. ಅದೂ ವಾಂತಿಯಾದರೆ ಗ್ಲೂಕೋಸ್ ಡ್ರಿಪ್‌ಗೆ ಕರೆದೊಯ್ಯಿರಿ.

ಇವರಿಗೆ ಎಂಸಿಟಿ ಎಣ್ಣೆ ಅಂತ ಬರೆಯುತ್ತಾರೆ. ಕೆಟ್ಟ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗುವ ಕೊಬ್ಬು ಅದು. ದುಬಾರಿ. "ಅದರ ಬದಲಿಗೆ ಕೊಬ್ಬರಿ ಎಣ್ಣಿ ನಡಿತೈತಲ್ರಿ?" ಅಂತ ಕೇಳುತ್ತಾರೆ. ನಡೆಯುವುದಿಲ್ಲ. ಕೊಬ್ಬರಿ ಎಣ್ಣೆಯ ಹೆಚ್ಚಿನ ಪಾಲು ಬೇರೆ ಜಾತಿಯ ಕೊಬ್ಬು. ಎಂಸಿಟಿಯನ್ನು ಕರಿಯಲು ಬಳಸಬೇಡಿ, ಊಟಕ್ಕೆ ಬೆರೆಸಿ. ಇನ್ನೊಂದು ಎಚ್ಚರ: ಎಂಎಡಿಡಿ ಅನ್ನುವ ಕಾಯಿಲೆಯಲ್ಲಿ ಎಲ್ಲ ಜಾತಿಯ ಕೊಬ್ಬಿನ ದಾರಿಯೂ ಕೆಟ್ಟಿರುತ್ತದೆ. ಅವರಿಗೆ ಎಂಸಿಟಿ ಕೊಡಬಾರದು. ಪಕ್ಕದ ಮನೆಯವರ ಡಬ್ಬಿ ತಂದು ಹಾಕಬೇಡಿ ಅನ್ನುವುದು ಇದಕ್ಕೇ.

ಎಣ್ಣೆ ಪೂರ್ತಿ ಕಟ್ ಮಾಡಿದರೆ ಎ, ಡಿ, ಇ, ಕೆ ವಿಟಮಿನ್‌ಗಳೂ ಅಗತ್ಯದ ಕೊಬ್ಬಿನಂಶವೂ ಸಿಗುವುದಿಲ್ಲ. ನಮ್ಮ ಅಗಸಿ ಚಟ್ನಿ ಇದಕ್ಕೆ ಒಳ್ಳೆಯದು, ಆದರೆ ಅಗಸಿಯಲ್ಲೂ ಎಣ್ಣೆ ಇದೆ. ದಿನಕ್ಕೆ ಎಷ್ಟು ಚಮಚ ಅಂತ ಡಯಟೀಷಿಯನ್ ಹತ್ತಿರ ಬರೆಸಿಕೊಳ್ಳಿ. ಶೇಂಗಾ ಹಿಂಡಿಯನ್ನು ರೊಟ್ಟಿಗೆ ಗುಡ್ಡೆ ಹಾಕಿಕೊಳ್ಳುವ ಅಭ್ಯಾಸ ಮಾತ್ರ ಬಿಡಬೇಕು.

ಅದೇ ಎಂಎಡಿಡಿಯಲ್ಲಿ, ದೊಡ್ಡವರಾದ ಮೇಲೆ ಶುರುವಾಗುವ ಬಗೆಯಲ್ಲಿ, ಒಂದು ಸಂತೋಷದ ವಿಷಯವಿದೆ. ಹಲವರಿಗೆ ರೈಬೋಫ್ಲೇವಿನ್, ಅಂದರೆ ಬಿ2, ದಿನಕ್ಕೆ 100ರಿಂದ 400 ಮಿಲಿಗ್ರಾಂ ಕೊಟ್ಟರೆ ಎದ್ದು ಓಡಾಡುವಷ್ಟು ಸುಧಾರಿಸುತ್ತಾರೆ. ಸಾಮಾನ್ಯ ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲಿನಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಹಾಗಾಗಿ ‘ಬಿ ಕಾಂಪ್ಲೆಕ್ಸ್ ತಿಂದೆ, ಏನೂ ಆಗಲಿಲ್ಲ’ ಅಂದರೆ ಅದು ಪರೀಕ್ಷೆ ಮಾಡಿದ ಹಾಗಲ್ಲ.

ಕಾರ್ನಿಟಿನ್ ಕೂಡ ಹೀಗೆಯೇ. ಹುಟ್ಟಿನಿಂದ ಕಾರ್ನಿಟಿನ್ ಕೊರತೆ ಇರುವ ಮಕ್ಕಳಿಗೆ ಅದು ಜೀವ ಉಳಿಸುವ ಔಷಧಿ. ತೂಕದ ಕಿಲೋಗೆ ದಿನಕ್ಕೆ 100ರಿಂದ 400 ಮಿಲಿಗ್ರಾಂ, ಹಲವು ಸಲ ಹಂಚಿ, ಜೀವನಪೂರ್ತಿ. ಮೈಗೆ ಮೀನಿನ ವಾಸನೆ ಬರಬಹುದು, ಹೆದರಿ ನಿಲ್ಲಿಸಬೇಡಿ, ಡಾಕ್ಟರ್‌ಗೆ ಹೇಳಿ. ಮ್ಯಾಕ್‌ಆರ್ಡಲ್ ಇದ್ದವರಿಗೆ ಅದೇ ಕಾರ್ನಿಟಿನ್ ಲಾಭ ಕೊಟ್ಟಿದ್ದು ಸಾಬೀತಾಗಿಲ್ಲ. ನಾನು ತಮ್ಮನಿಗೆ ಕೊಡುವುದಿಲ್ಲ.

ಮೈಟೊಕಾಂಡ್ರಿಯಾ ಕಾಯಿಲೆಗೆ ಕೋಎಂಜೈಮ್ ಕ್ಯೂ10, ರೈಬೋಫ್ಲೇವಿನ್, ಥಯಮಿನ್ (ಬಿ1) ಎಲ್ಲ ಒಟ್ಟಿಗೆ ಬರೆಯುವುದು ರೂಢಿ. ಕ್ಯೂ10 ಮೈಯಲ್ಲೇ ತಯಾರಾಗದವರಿಗೆ ಅದು ನಿಜವಾದ ಔಷಧಿ, ಉಳಿದವರಿಗೆ ಪುರಾವೆ ಕಡಿಮೆ. ಎಣ್ಣೆ ಇರುವ ಊಟದ ಜೊತೆ ತೆಗೆದುಕೊಳ್ಳಿ. ರಕ್ತ ತೆಳು ಮಾಡುವ ವಾರ್ಫರಿನ್ ತಿನ್ನುವವರು ಕೇಳದೆ ಶುರು ಮಾಡಬೇಡಿ.

ಶುರು ಮಾಡುವ ರೀತಿ

ಒಂದು ಸಲಕ್ಕೆ ಒಂದೇ. ಐದು ಡಬ್ಬಿ ಒಟ್ಟಿಗೆ ಶುರು ಮಾಡಿದರೆ ಯಾವುದು ಹಿಡಿಯಿತು, ಯಾವುದು ಹೊಟ್ಟೆ ಕೆಡಿಸಿತು ಗೊತ್ತಾಗುವುದಿಲ್ಲ. ಕ್ಯಾಲೆಂಡರಿನಲ್ಲಿ ಶುರುವಾದ ದಿನ ಗುರುತು ಹಾಕಿ. ಸುಮ್ನೆ ‘ಆರಾಮ ಅನ್ನಿಸ್ತದೆ’ ಅಂತ ಬರೆಯಬೇಡಿ. ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗಲು ಎಷ್ಟು ಸಲ ನಿಲ್ಲಬೇಕಾಯಿತು, ಅದನ್ನು ಬರೆಯಿರಿ. ಡಾಕ್ಟರ್ ಹೇಳಿದ ಅವಧಿ ಮುಗಿದರೂ ಫರಕು ಇಲ್ಲ ಅಂದರೆ ಅವರನ್ನು ಕೇಳಿ ನಿಲ್ಲಿಸಿ. ಕಾರ್ನಿಟಿನ್ ಕೊರತೆಯಂಥ ಕಾಯಿಲೆಗೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ನಿಲ್ಲಿಸುವ ಪ್ರಶ್ನೆಯೇ ಇಲ್ಲ.

ಡಬ್ಬಿ ಕೈಗೆ ಬಂದಾಗ ಹಿಂದೆ ತಿರುಗಿಸಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರ ಪೂರಕ, ಔಷಧಿ ಅಲ್ಲ. ‘ಔಷಧಿಯಾಗಿ ಬಳಸಲು ಅಲ್ಲ’ ಅಂತ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಮುಂದೆ ಮಾತ್ರ ದೊಡ್ಡ ಸಿಂಹದ ಚಿತ್ರ. ಕೊಲೆಸ್ಟ್ರಾಲ್‌ಗೆ ಅಂತ ಬರುವ ‘ರೆಡ್ ಈಸ್ಟ್ ರೈಸ್’ ಕ್ಯಾಪ್ಸೂಲನ್ನು ಸ್ನಾಯು ಕಾಯಿಲೆಯವರು ಮುಟ್ಟಬಾರದು, ಅದರಲ್ಲಿ ಸ್ನಾಯು ನೋಯಿಸಬಲ್ಲ ಸ್ಟ್ಯಾಟಿನ್ ಅನ್ನುವ ಕೊಲೆಸ್ಟ್ರಾಲ್ ಗುಳಿಗೆಯದೇ ರಾಸಾಯನಿಕ ಇರುತ್ತದೆ. ಡಾಕ್ಟರೇ ಸ್ಟ್ಯಾಟಿನ್ ಬರೆದಿದ್ದರೆ ತಾನಾಗಿ ಬಿಡಬೇಡಿ, ಸ್ನಾಯು ಕಾಯಿಲೆ ಇದೆ ಅಂತ ನೆನಪಿಸಿ. ಡಿ, ಕಬ್ಬಿಣ, ಬಿ ಕಾಂಪ್ಲೆಕ್ಸ್‌ನಂಥವು ಜನೌಷಧಿ ಅಂಗಡಿಯಲ್ಲಿ ಅಗ್ಗ. ಇದನ್ನು ಬರೆದದ್ದಕ್ಕೆ ನನ್ನ ಪಕ್ಕದ ಅಂಗಡಿಯವರು ಬೈಯಲಿ.

ಮೂತ್ರದ ಬಣ್ಣ ಮತ್ತು ನೋವಿನ ಸೂಜಿ

ಬಿ2 ತಿಂದವರ ಮೂತ್ರ ಎದ್ದು ಕಾಣುವ ಹಳದಿ. ಅದಕ್ಕೆ ಹೆದರಬೇಡಿ. ಆದರೆ ಕೆಲಸ, ಜ್ವರ ಅಥವಾ ಉಪವಾಸದ ಮೇಲೆ ಮೈಯೆಲ್ಲ ನೋವಾಗಿ, ಮೂತ್ರ ಡಿಕಾಕ್ಷನ್ ಅಥವಾ ಕೋಲಾ ಬಣ್ಣಕ್ಕೆ ಬಂದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಅಂತ ಅರ್ಥ. ಕಿಡ್ನಿ ನಿಲ್ಲಬಹುದು. ರಾತ್ರಿಯಾಗಲಿ, ಹಬ್ಬವಾಗಲಿ, ಸಲಾಯಿನ್ ಹಾಕಿ ಕಿಡ್ನಿ ನೋಡುವ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಸಣ್ಣ ಕ್ಲಿನಿಕ್ಕಿಗೆ ಹೊಕ್ಕು ಡೈಕ್ಲೋಫಿನ್ಯಾಕ್ ಸೂಜಿ ಮಾಡಿಸಿಕೊಳ್ಳಬೇಡಿ, ಆ ಹೊತ್ತಿನಲ್ಲಿ ಅದು ಕಿಡ್ನಿಗೆ ಇನ್ನೊಂದು ಹೊಡೆತ.

ಅಲ್ಲಿ ಡ್ಯೂಟಿಯಲ್ಲಿರುವ ಡಾಕ್ಟರ್ ಈ ಕಾಯಿಲೆಯ ರೋಗಿಯನ್ನು ಮೊದಲ ಸಲ ನೋಡುತ್ತಿರಬಹುದು. ಆದ್ದರಿಂದ ತಮ್ಮನ ಪರ್ಸಿನಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಇಟ್ಟಿದ್ದೇನೆ. ಅದರ ಮೇಲೆ ಕಾಯಿಲೆಯ ಹೆಸರು, ಕೆಟ್ಟಿರುವ ಜೀನಿನ ಹೆಸರು ಪಿವೈಜಿಎಂ, ಆರಾಮಾಗಿದ್ದಾಗ ಅವನ ಸಿಕೆ ಎಷ್ಟಿರುತ್ತದೆ, ಅವನು ತಿನ್ನುವ ಗುಳಿಗೆಗಳು, ಆಪರೇಷನ್ ಆದರೆ ತೊಡೆಗೆ ಟೂರ್ನಿಕೆಟ್ (ರಕ್ತ ನಿಲ್ಲಿಸುವ ಪಟ್ಟಿ) ಬಿಗಿಯುವ ಮುಂಚೆ ಯೋಚಿಸಿ ಅನ್ನುವ ಸಾಲು, ನಮ್ಮ ನರರೋಗ ತಜ್ಞರ ನಂಬರ್, ನನ್ನ ನಂಬರ್. ಸಿಪಿಟಿ-2 ಇದ್ದವರು ಇದರ ಮೇಲೆ ‘ಗ್ಲೂಕೋಸ್ ಡ್ರಿಪ್ ತಕ್ಷಣ ಬೇಕು’, ‘ವ್ಯಾಲ್‌ಪ್ರೋಯೇಟ್ ಬೇಡ’ (ಇದು ಫಿಟ್ಸ್‌ಗೆ ಕೊಡುವ ಔಷಧಿ) ಅನ್ನುವ ಎರಡು ಸಾಲನ್ನು ದೊಡ್ಡದಾಗಿ ಬರೆಸಬೇಕು. ನಿಮ್ಮ ಡಾಕ್ಟರ್ ಹತ್ತಿರ ಸಹಿ ಮತ್ತು ಸೀಲ್ ಹಾಕಿಸಿಕೊಳ್ಳಿ. ಸೀಲ್ ಇದ್ದರೆ ಕ್ಯಾಶುಯಾಲ್ಟಿಯಲ್ಲಿ ಓದುತ್ತಾರೆ.